ಬಲಕ್ಕೆ ಬಂದ ಸ್ಟೀರಿಂಗ್

ಗೂಡ್ಸ್ ಟೆಂಪೋದಿಂದ ಕಾರು ಇಳಿಯುವುದಕ್ಕೆ ಮೊದಲೇ ಗಂಡ ಹೆಂಡತಿಯ ಜಗಳ ನನ್ನ ಗ್ಯಾರೇಜಿನೊಳಗೆ ಬಂದಿತ್ತು.

“ನಾನು ಎರಡು ಅಂದ್ರೆ ಇವರು ನಾಲ್ಕು ಹಾಕ್ತಾರೆ ಕಣಣ್ಣ,” ಎಂದರು ಆಕೆ.

“ಕ್ಲಚ್ ಒತ್ತದೇನೇ ಎರಡು ಅಂತಾಳೆ ಕಣಪ್ಪ. ಗೇರ್‌ಬಾಕ್ಸು ಕಿರಿಚ್ಕಳುತ್ತೆ. ಬೈಸ್ಕಳೋನು ನಾನು,” ಎಂದರು ಗಂಡ.

ಒಂದು ಕಾರು ಓಡಿಸಲು ಇಬ್ಬರು ಯಾಕೆ ಬೇಕು ಎಂದು ನಾನು ಕೇಳಿದೆ. ಆಕೆ ಬಲಗೈ ಮುಂದೆ ಹಿಡಿದು ತೋರಿಸಿದರು. ಎರಡು ವರ್ಷದ ಹಿಂದೆ ಕೊಬ್ಬರಿ ನೋಡಲು ಅಟ್ಟ ಹತ್ತಿ, ಇಳಿಯುವಾಗ ಏಣಿ ಜಾರಿ ಮೊಣಕೈ ಮುರಿದಿತ್ತು. ಮೂಳೆ ಕೂಡಿಕೊಂಡಿತು, ಆದರೆ ಕೈ ಮಡಚಿದಲ್ಲೇ ನಿಂತುಹೋಯಿತು. ಹಿಡಿಯಬಲ್ಲರು, ಎತ್ತಬಲ್ಲರು, ಚಾಚಲಾರರು. ಕಾರಿನ ಸ್ಟೀರಿಂಗ್ ಎಡಗಡೆಗಿತ್ತು. ಗೇರು ಬಲಗೈಗೆ ಬರುತ್ತಿತ್ತು. ಆ ಕೈ ಗೇರಿನವರೆಗೆ ಹೋಗುತ್ತಿರಲಿಲ್ಲ. ಅದಕ್ಕೇ ಈಕೆ ಸ್ಟೀರಿಂಗ್ ಹಿಡಿಯುವುದು, ಪಕ್ಕದಲ್ಲಿ ಕೂತ ಗಂಡ ಗೇರು ಹಾಕುವುದು.

ಕಾರು ಅಂದರೆ ಅಂಗಡಿಯಲ್ಲಿ ಸಿಗುವ ಕಾರಲ್ಲ. ಈಕೆಯ ಅಣ್ಣ ಹೊರದೇಶದಲ್ಲಿ ಕೆಲಸದಲ್ಲಿದ್ದಾಗ ಬಿಡಿಭಾಗಗಳ ಕಿಟ್ ತರಿಸಿಕೊಂಡು, ಚೌಕ ಪೈಪಿನ ಚಾಸಿ, ಫೈಬರ್ ಮೈ, ಹಳೆಯ ಕಾರೊಂದರ ಎಂಜಿನ್ನು ಎಲ್ಲ ಸೇರಿಸಿ ತಾವೇ ಕೈಯಾರೆ ಜೋಡಿಸಿದ ಕಾರು. ಬಾಗಿಲಿಲ್ಲ, ಚಾವಣಿಯಿಲ್ಲ, ಮುಂದಿನ ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುತ್ತವೆ. ಅಲ್ಲೆಲ್ಲ ಸ್ಟೀರಿಂಗ್ ಎಡಕ್ಕೇ. ಊರಿಗೆ ಬರುವಾಗ ಮನೆ ಸಾಮಾನಿನ ಜೊತೆ ಅದನ್ನೂ ಬಿಚ್ಚಿ ತಂದು, ಮತ್ತೆ ಜೋಡಿಸಿ, ತಂಗಿಯ ತೋಟದಲ್ಲಿ ಬಿಟ್ಟುಹೋಗಿದ್ದರು. ಕಾಗದಪತ್ರವಿಲ್ಲದ್ದರಿಂದ ರಸ್ತೆಗೆ ಇಳಿಸುವ ಮಾತೇ ಇರಲಿಲ್ಲ, ತೋಟದೊಳಗೆ ಮಾತ್ರ.

ಬಿಳಿಗೆರೆಯ ಆಚೆಗಿದ್ದ ಅವರ ತೋಟ ಉದ್ದಕ್ಕೆ ಚಾಚಿಕೊಂಡಿತ್ತು. ರಸ್ತೆಯ ಕಡೆ ಮನೆ, ಆ ತುದಿಯಲ್ಲಿ ಪಂಪ್‌ಹೌಸು ಮತ್ತು ಕೊಬ್ಬರಿ ಶೆಡ್ಡು, ನಡುವೆ ಒಂದು ಕಿಲೋಮೀಟರು ದಾರಿ. ದಿನಕ್ಕೆ ಐದಾರು ಸಲ ಹೋಗಿಬರಬೇಕು. ಕೈ ಮುರಿಯುವ ಮೊದಲು ಮೊಪೆಡ್ಡಿನಲ್ಲಿ ತಾವೇ ಓಡಾಡಿಕೊಂಡಿದ್ದವರು. ಗಂಡನದು ಇಲ್ಲೇ ತಿಪಟೂರಿನಲ್ಲಿ ದಿನಸಿ ಅಂಗಡಿ, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ.

“ಆಳುಗಳ ಊಟದ ಕ್ಯಾರಿಯರ್ ಇಟ್ಕಂಡು, ಯಾರದಾದ್ರೂ ಗಾಡಿ ಬತ್ತದಾ ಅಂತ ಮನೆ ಮುಂದೆ ನಿಂತಿರ್ತೀನಣ್ಣ. ನಮ್ಮ ತೋಟಕ್ಕೆ ನಾನೇ ಲಿಫ್ಟ್ ಕೇಳ್ಬೇಕು. ನಂಗೆ ಸಾಕಾಗೋಗದೆ,” ಎಂದರು ಆಕೆ. ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. ಸಿಟ್ಟಿನ ಗಿರಾಕಿಗಳನ್ನು ಕಂಡರೆ ನನಗೆ ಇಷ್ಟ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು.

ಸ್ಟೀರಿಂಗ್ ಬಲಕ್ಕೆ ಬಂದರೆ ನಡುವಿನ ಗೇರು ತಾನಾಗಿಯೇ ಎಡಗೈಗೆ ಬರುತ್ತದೆ. ಕಾರನ್ನು ಒಂದು ಸುತ್ತು ಹಾಕಿ, “ಕನ್ನಡಿಯಲ್ಲಿ ಕಂಡಂಗೆ ಎಲ್ಲಾನೂ ಆ ಕಡೆಯಿಂದ ಈ ಕಡೆಗೆ ಮಾಡೋದು ಅಷ್ಟೇ ಅಕ್ಕ. ಹದಿನೈದು ದಿನ,” ಎಂದೆ. ಮೂವತ್ತು ವರ್ಷದಿಂದ ಈ ಊರಿನ ಲಾರಿ, ಟ್ರ್ಯಾಕ್ಟರ್, ಜೀಪುಗಳ ಹೊಟ್ಟೆ ಬಗೆದವನು ನಾನು. ಇಂಥದ್ದೊಂದು ಆಟಿಕೆಗೆ ಹೆದರುವುದೇ ಎಂಬ ಜಂಬ ಒಳಗೆ ಇತ್ತು.

ಮರುದಿನ ಬಿಚ್ಚಲು ಶುರು ಮಾಡಿದೆ. ಸೀಟಿನ ಮೇಲೆ ಎಣ್ಣೆಜಿಡ್ಡು ಹಿಡಿದ ಒಂದು ದಿಂಬಿತ್ತು. ಅದನ್ನು ಮೂಲೆಗೆ ಎಸೆದೆ. ಪೆಡಲುಗಳು, ಬ್ರೇಕಿನ ಮಾಸ್ಟರ್ ಸಿಲಿಂಡರು, ಕ್ಲಚ್ ಕೇಬಲ್ಲು, ಸ್ಟೀರಿಂಗ್ ಕಂಬ, ಮೀಟರುಗಳ ವೈರು ಒಂದೊಂದನ್ನೂ ಬಿಚ್ಚಿ, ಫೋಟೋ ತೆಗೆದು, ಚೀಟಿ ಕಟ್ಟಿ ಇಟ್ಟೆ. ಪೆಡಲಿನ ಚೌಕಟ್ಟನ್ನು ಬಲಕ್ಕೆ ಕೂರಿಸಲು ಕಾರಿನ ಮುಂದಿನ ಗೋಡೆಗೆ ದಪ್ಪ ತಗಡು ಬೆಸೆದು ಗಟ್ಟಿ ಮಾಡಿದೆ. ಬ್ರೇಕಿಗೆ ಹೊಸ ಪೈಪು ಬಗ್ಗಿಸಿದೆ. ನಾಲ್ಕು ದಿನ ಕೆಲಸ ಬೆಣ್ಣೆಯ ಹಾಗೆ ಸಾಗಿತು.

ಐದನೆಯ ದಿನ ಸ್ಟೀರಿಂಗ್ ರ‍್ಯಾಕಿಗೆ ಬಂದೆ. ರ‍್ಯಾಕ್ ಎಂದರೆ ಹಲ್ಲು ಕೊರೆದ ಉದ್ದನೆಯ ಕಂಬಿ. ಸ್ಟೀರಿಂಗ್ ತಿರುಗಿಸಿದಾಗ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ ತಿರುಗಿ ಕಂಬಿಯನ್ನು ಆಚೀಚೆ ಸರಿಸುತ್ತದೆ, ಕಂಬಿ ಚಕ್ರಗಳನ್ನು ತಿರುಗಿಸುತ್ತದೆ. ಈ ರ‍್ಯಾಕಿನಲ್ಲಿ ಪಿನಿಯನ್ನು ಎಡಗಡೆಗಿತ್ತು. ಇಡೀ ರ‍್ಯಾಕನ್ನು ಬೋರಲು ಹಾಕಿದರೆ ಪಿನಿಯನ್ನು ಬಲಗಡೆಗೆ ಬರುತ್ತದಲ್ಲ ಎಂದು ಹೊಳೆಯಿತು. ಹೊಳೆದದ್ದೇ ತಡ ಬೋರಲು ಹಾಕಿ ಬಿಗಿದೆ. ಏನು ಚೆಂದ ಕೂತಿತು ಅಂತೀರಿ. ನನ್ನ ಬೆನ್ನು ನಾನೇ ತಟ್ಟಿಕೊಂಡು ಟೀ ಕುಡಿಯಲು ಹೋದೆ.

ಟೀ ಕುಡಿದು ಬರುವಷ್ಟರಲ್ಲಿ ಆಕೆಯ ಯಜಮಾನರು ತಮ್ಮ ಅಂಗಡಿಯಿಂದ ಬಂದು ಡ್ರೈವರ್ ಜಾಗದಲ್ಲಿ ಕೂತಿದ್ದರು. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರು, ಮುಂದಿನ ಚಕ್ರ ನೋಡಿದರು. ಎಡಕ್ಕೆ ತಿರುಗಿಸಿದರು, ಮತ್ತೆ ನೋಡಿದರು.

“ಮೇಸ್ತ್ರಿ, ನಾನು ಬಲ ಅಂದ್ರೆ ಇದು ಎಡ ಅಂತದೆ. ಈ ವ್ಯವಸ್ಥೆ ನಮ್ಮನೇಲಿ ಆಗ್ಲೇ ಅದೆಯಲ್ಲಪ್ಪ,” ಎಂದರು.

ನಾನು ನಂಬದೆ ಅವರನ್ನು ಎಬ್ಬಿಸಿ ತಿರುಗಿಸಿ ನೋಡಿದೆ. ನಿಜ, ಎಲ್ಲ ಉಲ್ಟಾ. ಸಿಟ್ಟು ನೆತ್ತಿಗೇರಿತು. ಕೈಲಿದ್ದ ಸ್ಪಾನರನ್ನು ಎಸೆದೆ. ಅದು ಹೋಗಿ ನನ್ನದೇ ನೀರಿನ ಕೊಡಕ್ಕೆ ಬಡಿದು ಕೊಡ ತೂತಾಯಿತು. ಯಜಮಾನರು ತಮ್ಮ ಅಂಗಡಿಗೆ ಹೋದರು.

ಇಂಥ ಹೊತ್ತಿನಲ್ಲಿ ನಾನು ಹೋಗುವುದು ಅಮ್ಮಸಂದ್ರಕ್ಕೆ. ನನಗೆ ಲೇತ್ ಕೆಲಸ ಕಲಿಸಿದ ಗುರುಗಳು ಅಲ್ಲಿದ್ದಾರೆ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು, ಈಗ ಮನೆಯ ಹಿತ್ತಲಲ್ಲಿ ಒಂದು ಹಳೆಯ ಲೇತ್ ಇಟ್ಟುಕೊಂಡಿದ್ದಾರೆ. ನಾನು ಹೇಳಿದ್ದನ್ನು ಕೇಳಿ, ಒಳಗಿನಿಂದ ಒಂದು ಮರದ ಸ್ಕೇಲು ಮತ್ತು ಪೆನ್ಸಿಲ್ಲು ತಂದರು. ಪೆನ್ಸಿಲ್ಲನ್ನು ಸ್ಕೇಲಿನ ಮೇಲೆ ಒತ್ತಿಹಿಡಿದು ಒಂದು ದಿಕ್ಕಿಗೆ ಹೊಸೆದರು, ಸ್ಕೇಲು ಎಡಕ್ಕೆ ಸರಿಯಿತು. ಅದೇ ಪೆನ್ಸಿಲ್ಲನ್ನು ಸ್ಕೇಲಿನ ಕೆಳಗಿಟ್ಟು ಅದೇ ದಿಕ್ಕಿಗೆ ಹೊಸೆದರು, ಸ್ಕೇಲು ಬಲಕ್ಕೆ ಸರಿಯಿತು.

“ನೀನು ಮಾಡಿರೋದು ಇಷ್ಟೇ ಕಣ್ಲಾ. ಮೇಲಿದ್ದ ಪಿನಿಯನ್ ಕೆಳಕ್ಕೆ ಹೋಯ್ತು,” ಎಂದರು.

“ಮಧ್ಯಕ್ಕೆ ಇನ್ನೊಂದು ಗೇರು ಹಾಕಿ ಕಂಬಕ್ಕೆ ವೆಲ್ಡ್ ಮಾಡಿದ್ರೆ ನೇರ ಆಗಲ್ವಾ?” ಎಂದೆ.

“ಲೇ, ಸ್ಟೀರಿಂಗ್ ಕಂಬಕ್ಕೆ ಬೆಂಕಿ ತೋರಿಸಿದ್ರೆ ಇನ್ಮೇಲೆ ನನ್ನ ಹಿತ್ತಲಿಗೆ ಬರ್ಬೇಡ. ಆ ವೆಲ್ಡಿಂಗ್ ಬಿಟ್ಕಂಡ ದಿನ ಆಯಮ್ಮ ಯಾವ ಮರಕ್ಕೆ ಹೊಡೀತಾಳೆ ಅಂತ ಹೇಳ್ತೀಯಾ?” ಎಂದರು. ಬಲಗಡೆಯ ರ‍್ಯಾಕೇ ಹುಡುಕಬೇಕು, ಬೇರೆ ದಾರಿಯಿಲ್ಲ ಎಂದು ತೀರ್ಮಾನವಾಯಿತು.

ಸಿಕ್ಕಿದ ರ‍್ಯಾಕೆಲ್ಲ ಆಗುವುದಿಲ್ಲ. ರ‍್ಯಾಕಿನ ಎರಡು ತುದಿಯ ಕೀಲುಗಳು ಚಕ್ರಗಳನ್ನು ಹಿಡಿದಿರುವ ಸಸ್ಪೆನ್ಷನ್ ತೋಳುಗಳ ಕೀಲಿನ ನೇರಕ್ಕೇ ಬರಬೇಕು. ಇಲ್ಲದಿದ್ದರೆ ಗುಂಡಿಗೆ ಇಳಿದಾಗೆಲ್ಲ ಚಕ್ರ ತಾನಾಗಿ ತಿರುಗಿ ಕಾರು ಅಡ್ಡಾದಿಡ್ಡಿ ಹೋಗುತ್ತದೆ. ಆ ಅಳತೆಗೆ ಒಂದು ಬಿದಿರ ಕಡ್ಡಿ ಕತ್ತರಿಸಿಕೊಂಡು ತುಮಕೂರಿನ ಗುಜರಿ ಅಂಗಡಿಗಳನ್ನು ಸುತ್ತಿದೆ. ಕಡ್ಡಿ ಹಿಡಿದು ಓಡಾಡುವವನನ್ನು ನೋಡಿ ಗುಜರಿಯವರು ನೀರು ಹುಡುಕುವವನು ಅಂದುಕೊಂಡರೋ ಏನೋ, ಒಬ್ಬರಂತೂ ಬೋರ್‌ವೆಲ್ ಪಾಯಿಂಟ್ ಕೇಳಿಯೇಬಿಟ್ಟರು. ಮೂರನೆಯ ಸಲ ಹೋದಾಗ ಒಂದು ಸಣ್ಣ ವ್ಯಾನಿನ ರ‍್ಯಾಕು ಕಡ್ಡಿಗೆ ಸರಿಯಾಗಿ ಕೂತಿತು. ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಅಷ್ಟರಲ್ಲಿ ಹದಿನೈದು ದಿನ ಹೋಗಿ ತಿಂಗಳಾಗಿತ್ತು. ಇನ್ನು ಡ್ಯಾಶ್‌ಬೋರ್ಡು. ಮೀಟರುಗಳ ಗೂಡು ಎಡಗಡೆಗಿದ್ದದ್ದು ಬಲಗಡೆಗೆ ಬರಬೇಕು. ಪ್ಲೈವುಡ್ಡಿನಲ್ಲಿ ಅಚ್ಚು ಮಾಡಿದೆ. ಅಚ್ಚಿಗೆ ಫೈಬರ್ ಅಂಟದಂತೆ ಒಂದು ಥರದ ಮೇಣ ಹಚ್ಚಬೇಕು. ಮೇಣ ಮುಗಿದಿತ್ತು. ಜಾರಲಿ ಅಂತ ಹಚ್ಚುವುದು ತಾನೇ, ಅದಕ್ಕೆ ಮೇಣವೇ ಯಾಕೆ, ನಮ್ಮ ಊರಿನಲ್ಲಿ ಎಣ್ಣೆಗೆ ಬರವೇ ಎಂದುಕೊಂಡು ಗಾಣದಿಂದ ಬಂದ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಬಳಿದು, ಮೇಲೆ ಫೈಬರ್ ಹಾಸಿ, ಅದನ್ನು ಗಟ್ಟಿ ಮಾಡುವ ರೆಸಿನ್ ಹೊಡೆದು ಮನೆಗೆ ಹೋದೆ. ತಲೆಗೆ, ಕಾಲಿಗೆ, ಬಾಗಿಲ ಕೀಲಿಗೆ, ಎತ್ತಿನ ಕೊಂಬಿಗೆ ಎಲ್ಲಕ್ಕೂ ಅದನ್ನೇ ಹಚ್ಚಿ ಬೆಳೆದವನಿಗೆ ಇನ್ನೇನು ಹೊಳೆಯಬೇಕು.

ಡಿಸೆಂಬರಿನ ಚಳಿ. ಬೆಳಿಗ್ಗೆ ಬಂದು ನೋಡಿದರೆ ಎಣ್ಣೆ ಅಲ್ಲಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ ನಿಂತಿತ್ತು. ಎಣ್ಣೆ ಸೇರಿದಲ್ಲಿ ರೆಸಿನ್ ಒಣಗದೆ ಹಲಸಿನ ಅಂಟಿನ ಹಾಗಿತ್ತು, ಎಣ್ಣೆ ಸರಿದಲ್ಲಿ ಫೈಬರ್ ಪ್ಲೈವುಡ್ಡನ್ನು ಕಚ್ಚಿ ಹಿಡಿದಿತ್ತು. ಉಳಿಯಿಟ್ಟು ಎಬ್ಬಿಸಲು ಹೋದೆ. ಅಚ್ಚೂ ಹೋಯಿತು, ಡ್ಯಾಶ್‌ಬೋರ್ಡೂ ಹೋಯಿತು. ಅದೇ ಹೊತ್ತಿಗೆ ಯಜಮಾನರು ಬಂದು ಮೂಗರಳಿಸಿದರು.

“ಏನ್ ಮೇಸ್ತ್ರಿ, ಒಗ್ಗರಣೆನೂ ಹಾಕ್ತಿದ್ದೀರಾ ಕಾರಿಗೆ?” ಎಂದರು.

ಮರುದಿನ ಕೊಳಗ, ಬಕೆಟ್ಟು ಮಾಡುವ ತಗಡಿನ ಅಂಗಡಿಗೆ ಹೋಗಿ ಅಲ್ಯೂಮಿನಿಯಂ ಹಾಳೆ ಬಗ್ಗಿಸಿಕೊಂಡು ಬಂದೆ. ಎರಡು ಗಂಟೆಯ ಕೆಲಸ, ಮೊದಲೇ ಮಾಡಬಹುದಿತ್ತು.

ಇನ್ನೊಂದು ತಲೆನೋವು ಉಳಿದಿತ್ತು. ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಪೈಪುಗಳೆಲ್ಲ ಬಲಗಡೆಗೇ ಇದ್ದವು. ಸ್ಟೀರಿಂಗ್ ಕಂಬ ಸರಿಯಾಗಿ ಅವುಗಳ ನಡುವೆ ಹಾಯಬೇಕಿತ್ತು. ಮೂರು ಕಡೆ, ಎತ್ತ ಬೇಕಾದರೂ ಬಾಗುವ ಯುನಿವರ್ಸಲ್ ಜಾಯಿಂಟು ಹಾಕಿ, ಕಂಬವನ್ನು ಹಾವಿನಂತೆ ಬಳಸಿ ಕೆಳಗೆ ಇಳಿಸಿದೆ. ತಿರುಗಿಸುವಾಗ ಒಂದು ಕಡೆ ಹಗುರ, ಒಂದು ಕಡೆ ಬಿಗಿ. ಆದರೂ ಎಡಗಡೆ ಏನಿತ್ತೋ ಅದೆಲ್ಲ ಬಲಗಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತ್ತು. ಟೇಪು ಹಿಡಿದು ನಾಲ್ಕು ಸಲ ಅಳೆದು ನೋಡಿ ಹಿಗ್ಗಿದೆ. ನಲವತ್ತನೆಯ ದಿನ, “ಬಂದು ಕೂತು ನೋಡಿ ಅಕ್ಕ,” ಎಂದು ಫೋನ್ ಮಾಡಿದೆ.

ಆಕೆ ಗಂಡನ ಬೈಕಿನ ಹಿಂದೆ ಕೂತು ಬಂದರು. ಕಾರು ನೋಡಿ ಮುಖ ಅರಳಿತು. ಬಲಗಡೆಯಿಂದ ಹತ್ತಿ ಕೂತರು. ಎಡಗೈ ಸ್ಟೀರಿಂಗ್ ಹಿಡಿಯಿತು. ಬಲಗೈ ಮುಂದೆ ಬಂದು, ಸ್ಟೀರಿಂಗಿಗೆ ಒಂದು ಗೇಣು ಹಿಂದೆಯೇ ಗಾಳಿಯಲ್ಲಿ ನಿಂತಿತು.

“ಅಣ್ಣ, ಒಂದು ದಿಂಬಿತ್ತಲ್ಲ, ಎಲ್ಲೋಯ್ತು?” ಎಂದರು.

ಮೂಲೆಯಿಂದ ದಿಂಬು ತಂದು ಕೊಡವಿ ಕೊಟ್ಟೆ. ಆಕೆ ಅದನ್ನು ಬೆನ್ನ ಹಿಂದೆ ತುರುಕಿಕೊಂಡು ಮುಂದಕ್ಕೆ ಸರಿದು ಕೂತರು. ಈಗ ಬಲಗೈ ಸ್ಟೀರಿಂಗಿಗೆ ಸಿಕ್ಕಿತು. ಆದರೆ ಅಷ್ಟು ಮುಂದೆ ಕೂತಾಗ ಗೇರು ಸೊಂಟದ ಹಿಂದಕ್ಕೆ ಹೋಯಿತು. ಎಡಗೈಯನ್ನು ಹಿಂದಕ್ಕೆ ತಿರುಚಿ ತಡಕಾಡಿದರು. ಸಿಕ್ಕಿತು, ಹಾಕಲು ಬಲ ಬರಲಿಲ್ಲ. ನಾನು ನಾಚಿಕೆಯಿಲ್ಲದೆ, “ಅಭ್ಯಾಸ ಆಗುತ್ತೆ ಅಕ್ಕ,” ಎಂದೆ.

“ಆಯ್ತು ಬುಡಣ್ಣ. ಪಾಪ, ಎಷ್ಟೋ ಕಷ್ಟಪಟ್ಟಿದ್ದೀರ,” ಎಂದು ಆಕೆ ಪಕ್ಕದಲ್ಲಿ ನಿಂತಿದ್ದ ಗಂಡನನ್ನು ನೋಡಿದರು. ಅಷ್ಟೇ. ಮತ್ತೆ ಇವರನ್ನೇ ಕರೆಯಬೇಕಲ್ಲ ಎಂಬ ನೋಟ. ಸದಾ ತಮಾಷೆ ಮಾಡುವ ಆ ಯಜಮಾನರೂ ಅವತ್ತು ಬೈಕಿನ ಕೀಲಿ ತಿರುವುತ್ತ ನೆಲ ನೋಡಿದರು.

ನನಗೆ ತುಂಬಾ ಪಿಚ್ಚೆನಿಸಿತು. ಆಕೆ ಮೊದಲ ದಿನವೇ ಕೈ ಚಾಚಿ, ಅಲ್ಲ, ಚಾಚಲಾಗದ್ದನ್ನೇ ತೋರಿಸಿದ್ದರು. ದಿಂಬು ಸೀಟಿನ ಮೇಲೇ ಇತ್ತು. ನಾನು ಕಾರಿನ ಎಡ ನೋಡಿದೆ, ಬಲ ನೋಡಿದೆ, ಕೂರುವವರನ್ನು ನೋಡಲಿಲ್ಲ. ಹಾಗೇ ಕೊಟ್ಟು ಕಳಿಸಿದ್ದರೆ ಆಕೆ ಒಂದು ಮಾತೂ ಅನ್ನುತ್ತಿರಲಿಲ್ಲ, ತೆಗೆದುಕೊಂಡು ಹೋಗಿ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿಡುತ್ತಿದ್ದರು. ಅದನ್ನು ನೆನೆದೇ ನನ್ನ ಮೇಲೆ ನನಗೆ ರೇಗಿತು.

“ಇಳೀಬೇಡಿ ಅಕ್ಕ, ಅಲ್ಲೇ ಕೂತಿರಿ,” ಎಂದು ಸ್ಪಾನರು ತಗೊಂಡು ಸ್ಟೀರಿಂಗ್ ಚಕ್ರವನ್ನು ಬಿಚ್ಚಿ ತೆಗೆದೆ. ಕಂಬವನ್ನು ಹಿಡಿದಿದ್ದ ಬ್ರಾಕೆಟ್ಟನ್ನು ಆಮೇಲೆ ಗ್ರೈಂಡರಿನಲ್ಲಿ ಕೊಯ್ದೆ. ಹತ್ತು ದಿನ ಕೂತು ಮಾಡಿದ ಕೆಲಸ ಹತ್ತು ನಿಮಿಷದಲ್ಲಿ ಹೋಯಿತು. ಹೋದದ್ದಕ್ಕೆ ಬೇಸರವಾಗಲಿಲ್ಲ.

ಗ್ರೈಂಡರು ಹಿಡಿಯುವ ಮುಂಚೆ ಮಾಡಿದ್ದು ಇದು. ದಿಂಬು ತೆಗೆಸಿ, ಆಕೆಯ ಬೆನ್ನು ಸೀಟಿಗೆ ಪೂರ್ತಿ ಒರಗುವಂತೆ ಕೂರಿಸಿದೆ. ನನ್ನ ಊಟದ ಸ್ಟೀಲ್ ತಟ್ಟೆ ಕೈಗೆ ಕೊಟ್ಟು, “ಕಣ್ಮುಚ್ಕಳಿ. ಇದೇ ಸ್ಟೀರಿಂಗ್ ಅನ್ಕಂಡು, ಎಲ್ಲಿ ಹಿಡಿದ್ರೆ ಎರಡು ಕೈಗೂ ಸಮ ಅನ್ಸುತ್ತೋ ಅಲ್ಲಿ ಹಿಡೀರಿ,” ಎಂದೆ.

“ಊಟ ಹಾಕಲ್ಲ, ಸುಮ್ನೆ ತಟ್ಟೆ ಮಾತ್ರ,” ಎಂದರು ಯಜಮಾನರು. ಅವರಿಗೆ ತಮಾಷೆ ವಾಪಸು ಬಂದಿತ್ತು.

“ನೀವು ಸುಮ್ನಿರ್ರೀ,” ಎಂದು ಆಕೆ ಕಣ್ಣು ಮುಚ್ಚಿ ತಟ್ಟೆಯನ್ನು ಎತ್ತಿದರು, ಇಳಿಸಿದರು, ತಿರುವಿದರು, ಒಂದು ಕಡೆ ನಿಲ್ಲಿಸಿದರು. ಯಜಮಾನರು ಟೇಪಿನ ಒಂದು ತುದಿ ಹಿಡಿದರು. ಮೊದಲಿನ ಜಾಗಕ್ಕಿಂತ ಒಂದು ಗೇಣು ಹತ್ತಿರ, ನಾಲ್ಕು ಬೆರಳು ಮೇಲೆ. ಪೆಡಲುಗಳಿಗೂ ಹೀಗೇ ಇಟ್ಟಿಗೆ ಇಟ್ಟು ಕಾಲಿನ ಅಳತೆ ತೆಗೆದೆ. ಗೇರಿನ ಹಿಡಿ ಎಡಗೈ ತಾನಾಗಿ ಬೀಳುವ ಕಡೆಗೆ ಎರಡು ಇಂಚು ಬಾಗಬೇಕು ಎಂದು ಬರೆದುಕೊಂಡೆ.

ಈ ಅಳತೆಗಳನ್ನು ಹಿಡಿದು ಹಿಂದಿನಿಂದ ಮುಂದಕ್ಕೆ, ಕೈಯಿಂದ ಚಕ್ರದ ಕಡೆಗೆ ಕೆಲಸ ಮಾಡುತ್ತ ಹೋದೆ. ಸ್ಟೀರಿಂಗ್ ನಾಲ್ಕು ಬೆರಳು ಮೇಲೆ ಬಂದದ್ದರಿಂದ ಕಂಬವೂ ಎದ್ದು, ಆ ಹೊಗೆ ಪೈಪುಗಳ ಮೇಲಿಂದಲೇ ಹಾದುಹೋಯಿತು. ಮೂರು ಜಾಯಿಂಟಿನ ಬದಲು ಎರಡೇ ಸಾಕಾದವು. ಬಿಗಿಯೂ ಹೋಯಿತು, ಒಂದೇ ಬೆರಳಿನಲ್ಲಿ ತಿರುಗುವಷ್ಟು ಹಗುರವಾಯಿತು. ಕಂಬವನ್ನು ಉದ್ದ ಮಾಡಲು ತುಂಡು ಸೇರಿಸಲಿಲ್ಲ. ಗುರುಗಳು ಅಮ್ಮಸಂದ್ರದ ಹಿತ್ತಲಲ್ಲಿ ಒಂದೇ ಉಕ್ಕಿನ ಸರಳಿನಿಂದ ಪೂರ್ತಿ ಕಂಬ ಕಡೆದುಕೊಟ್ಟರು. ಕೊಡುವಾಗ, “ಈಗ ಆಯಮ್ಮನ ಕಾರು ಆಯ್ತು ನೋಡ್ಲಾ,” ಎಂದರು. ಅವರ ಬಾಯಿಂದ ನಾನು ಹೊಗಳಿಕೆ ಕೇಳಿದ್ದು ಅದೇ ಮೊದಲು.

ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ನಾನೇ ಮೂರು ದಿನ ಓಡಿಸಿದೆ. ಮೊದಲು ಖಾಲಿ, ಆಮೇಲೆ ಪಕ್ಕದ ಸೀಟಿಗೆ ಎರಡು ಚೀಲ ತೆಂಗಿನಕಾಯಿ ಹೇರಿಕೊಂಡು. ಗುಂಡಿಗೆ ಇಳಿಸಿದೆ, ಬ್ರೇಕು ಒತ್ತಿದೆ, ಪ್ರತಿ ಸಲವೂ ನಿಂತು ಜಾಯಿಂಟುಗಳ ಬೋಲ್ಟು ನೋಡಿದೆ. ಒಂದೂ ಅಲ್ಲಾಡಿರಲಿಲ್ಲ. ಐವತ್ತೆಂಟನೆಯ ದಿನ ಟೆಂಪೋಗೆ ಹತ್ತಿಸಿ ತೋಟಕ್ಕೆ ಕೊಂಡುಹೋದೆ.

ಮನೆಯ ಮುಂದೆ ಕಾರು ಇಳಿಸುತ್ತಿದ್ದಂತೆ ಯಜಮಾನರು ಅಭ್ಯಾಸಬಲದಿಂದ ಪಕ್ಕದ ಸೀಟಿಗೆ ಹತ್ತಿ ಕೂತರು. ಆಕೆ ಬಂದು ಬಲಗಡೆ ಕೂತು, ಕೀಲಿ ತಿರುಗಿಸುವ ಮೊದಲು ಅವರ ಕಡೆ ನೋಡಿದರು.

“ಇಳೀರಿ.”

“ಯಾಕೆ? ಮೊದಲನೇ ಸಲ ಒಬ್ಳೇ ಹೋಗ್ತೀಯಾ?”

“ಪಕ್ಕದಲ್ಲಿ ನಿಮ್ಮನ್ನ ಕೂರಿಸ್ಕಳೋದಾಗಿದ್ರೆ ಮೇಸ್ತ್ರಿಯಣ್ಣ ಯಾಕೆ ಎರಡು ತಿಂಗಳು ಒದ್ದಾಡ್ಬೇಕಿತ್ತು?”

ಯಜಮಾನರು ಇಳಿದರು. ಜೊತೆಗೆ ಬರುತ್ತೇನೆ ಎನ್ನಬೇಕೆಂದಿದ್ದ ನಾನೂ ಹಿಂದಕ್ಕೆ ಸರಿದು ನಿಂತೆ. ಆಕೆ ಊಟದ ಕ್ಯಾರಿಯರನ್ನು ಪಕ್ಕದ ಸೀಟಿನ ಮೇಲಿಟ್ಟು ಹೊರಟರು. ತೆಂಗಿನ ಸಾಲಿನ ನಡುವೆ ಕಾರು ಸಣ್ಣದಾಗುತ್ತ ಹೋಗಿ ತಿರುವಿನಲ್ಲಿ ಮರೆಯಾಯಿತು. ಎಂಜಿನ್ನಿನ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತಿತು. ಐದು ನಿಮಿಷ ಕಾದೆವು, ಹತ್ತು ನಿಮಿಷ ಕಾದೆವು. ಹದಿನೈದಾದರೂ ಕಾರಿನ ಸುಳಿವಿಲ್ಲ. ಯಾವ ಬೋಲ್ಟು ಬಿಗಿದೆ, ಯಾವುದು ಬಿಟ್ಟೆ ಎಂದು ಮನಸ್ಸಿನಲ್ಲೇ ಎಣಿಸುತ್ತ ದಾರಿ ಹಿಡಿದು ನಡೆದೆ. ಕೊನೆಯಲ್ಲಿ ಓಡಿದೆ.

ಪಂಪ್‌ಹೌಸಿನ ಮುಂದೆ ಕಾರು ನೆಟ್ಟಗೆ ನಿಂತಿತ್ತು. ಮೋಟರು ಓಡುತ್ತಿತ್ತು, ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಶೆಡ್ಡಿನಲ್ಲಿ ಕೊಬ್ಬರಿ ಒಡೆಯುವವರು ಊಟಕ್ಕೆ ಕೂತಿದ್ದರು. ಆಕೆ ಅವರಿಗೆ ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಬಂದರು. ನನ್ನ ಏದುಸಿರು ನೋಡಿ ನಕ್ಕರು.

“ಇದೇನಣ್ಣ, ಅಲ್ಲಿಂದ ನಡ್ಕಂಡು ಬಂದ್ರಾ? ಹತ್ತಿ, ಮನೆ ತಂಕ ಬಿಡ್ತೀನಿ.”

ಎಡಗಡೆಯ ಸೀಟಿನಲ್ಲಿ ಕೂತೆ. ಈ ಕಾರಿನಲ್ಲಿ ನಾನು ಆ ಜಾಗದಲ್ಲಿ ಕೂತದ್ದು ಅದೇ ಮೊದಲು. ಎರಡು ತಿಂಗಳ ಹಿಂದೆ ಪೆಡಲುಗಳಿದ್ದ ಕಡೆ ಈಗ ಖಾಲಿ ತಗಡು. ಕಾರು ಹೊರಟ ಕೂಡಲೇ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತತೊಡಗಿತು. ಬಲಗೈ ಗೇರಿನ ಪಕ್ಕದಲ್ಲೇ ಇತ್ತು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

ಕಾಲುವೆ ದಾಟಿದ ಮೇಲೆ ದಾರಿ ನೇರವಾಯಿತು. ಆಕೆ ಕ್ಲಚ್ ಒತ್ತಿದರು. ಮಡಚಿದ ಬಲಗೈ ಸ್ಟೀರಿಂಗನ್ನು ಹಿಡಿದುಕೊಂಡಿತ್ತು.

“ಎರಡು,” ಎಂದರು, ಇಷ್ಟು ದಿನದ ಅಭ್ಯಾಸ. ಆಮೇಲೆ ನಕ್ಕು, ತಾವೇ ಹಾಕಿದರು.